ಪೋಲೀಸು ಹುದ್ದೆಯ ಮನಃಪರೀಕ್ಷೆ

ಅಮೆರಿಕೆಯಲ್ಲಿ ಪೋಲೀಸು ಹುದ್ದೆಯ ಅಭ್ಯರ್ಥಿಗಳ ಮನಸ್ಸನ್ನು ಅಳೆಯುವ ಯತ್ನ ಹೊಸದಲ್ಲ. ಟರ್ಮನ್ ಎಂಬ ವಿದ್ವಾಂಸನು ತಾನು ನಡೆಸಿದ ಬುದ್ಧಿಪರೀಕ್ಷೆಯ ಫಲಿತಾಂಶವನ್ನು 1917ರಲ್ಲೇ ಪ್ರಕಟಿಸಿದನು. ಈಗ ಬುದ್ಧಿಗಿಂತ ಸ್ವಭಾವವನ್ನೇ ಹೆಚ್ಚಾಗಿ ನೋಡುವರು. ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪ್ರಶ್ನಾವಳಿಯ 1989ರ ಪರಿಷ್ಕೃತ ರೂಪದಲ್ಲಿ 567 ಹೇಳಿಕೆಗಳಿವೆ. ಸರಿ, ತಪ್ಪು ಎಂದಷ್ಟೇ ಉತ್ತರ. ಉತ್ತರಗಳನ್ನು ಉರುಹೊಡೆದು ಹೋದರೆ ಪ್ರಯೋಜನವಿಲ್ಲ. ತಾನು ಎಂದೂ ಸಿಟ್ಟಾದವನಲ್ಲ, ಸುಳ್ಳಾಡಿದವನಲ್ಲ ಎಂಬ ಸಾಧುವೇಷವನ್ನು (ಅಂತಹ ಸಾಧುವಿಗೆ ಈ ಉದ್ಯೋಗವೇಕೆ?) ಗುರುತಿಸುವ ಅಳತೆಗೋಲು ಅದರಲ್ಲೇ ಅಡಗಿದೆ.

ಬಳಿಕ ಮನಶ್ಶಾಸ್ತ್ರಜ್ಞರ ಸಂದರ್ಶನ. ಹಳೆಯ ಉದ್ಯೋಗವನ್ನು ಬಿಟ್ಟ ಕಾರಣ, ಕುಡಿತ, ಸಾಲ ಮೊದಲಾದವನ್ನು ಪೂರ್ವವೃತ್ತದ ಕಡತದೊಡನೆ ತಾಳೆನೋಡುವರು. ಹಳೆಯ ದೋಷಕ್ಕಿಂತ ಅದನ್ನು ಮುಚ್ಚಿಟ್ಟುದೇ ಹಲವೊಮ್ಮೆ ಹುದ್ದೆಯನ್ನು ತಪ್ಪಿಸುತ್ತದೆ. ಅಭ್ಯರ್ಥಿಯು ಮಾಡಬೇಕಾದ ಸಿದ್ಧತೆ ಇಷ್ಟೆ: ತನ್ನ ವಾಸಸ್ಥಳ, ಉದ್ಯೋಗಗಳ ದಿನಾಂಕಗಳನ್ನು ಬರೆದಿಟ್ಟುಕೊಂಡು, ಹಿಂದಿನ ರಾತ್ರಿ ಚೆನ್ನಾಗಿ ನಿದ್ರಿಸುವುದು.