ಮರಳು ಹೋಗಿದ್ದೆಲ್ಲಿಗೆ?

ಪ್ರತಿ ಮಳೆಗಾಲ ಈ ಸುದ್ದಿಯನ್ನ ನಿಮಗೆ ಓದಿ ಹೇಳೋನು ನಾನೇ. ಉಳ್ಳಾಲದಲ್ಲಿ ಕಡಲ್ಕೊರೆತ. ಬುಡ ಕಳಚಿದ ತೆಂಗಿನ ಮರ, ಅರ್ಧ ಗೋಡೆ ಉಳಿದ ಮನೆ, ಅದರ ಮುಂದೆ ಪಾತ್ರೆ ಹೊತ್ತು ನಿಂತ ತಾಯಿ. ಆಮೇಲೆ ಲಾರಿಗಟ್ಟಲೆ ಬಂಡೆಕಲ್ಲು. ಮುಂದಿನ ವರ್ಷ ಮತ್ತೆ ಅದೇ ಬ್ರೇಕಿಂಗ್ ನ್ಯೂಸ್. ಆದ್ರೆ ಸ್ವಾಮಿ, ಆ ಮರಳು ಹೋಗಿದ್ದೆಲ್ಲಿಗೆ ಅಂತ ನಾವ್ಯಾರೂ ಕೇಳಲೇ ಇಲ್ಲ.

ನಮ್ಮ ಕ್ಯಾಮೆರಾಗೆ ಕಾಣೋದು ನೀರಿನ ಅಂಚಿನ ತನಕ. ಬೀಚು ಅಲ್ಲಿಗೆ ಮುಗಿಯೋದಿಲ್ಲ, ನೀರಿನಡಿಯಲ್ಲಿ ನೂರಾರು ಮೀಟರ್ ಮುಂದುವರಿಯುತ್ತೆ. ಮಳೆಗಾಲದ ಅಲೆಗಳು ದಡದ ಮರಳನ್ನ ಎಳೆದೊಯ್ದು ಸ್ವಲ್ಪ ದೂರದಲ್ಲಿ ದಿಬ್ಬ ಹಾಕುತ್ತವೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಅದನ್ನೇ ವಾಪಸ್ ತರುತ್ತವೆ. ಹೋದದ್ದು ವಾಪಸ್ ಬರುವ ಮರಳೋ, ಬೇರೆ ಊರಿನ ಪಾಲಾದ ಮರಳೋ? ದಡದಲ್ಲಿ ನಿಂತು ಹೇಳೋಕಾಗಲ್ಲ. ನೀರಿನಡಿಯ ನೆಲ ಅಳೆಯಬೇಕು.

ಅಳೆಯೋ ಸಾಧನ ಹಳೆಯದೇ, ಎಕೋ ಸೌಂಡರ್. ದೋಣಿಯಿಂದ ಶಬ್ದ ಬಿಡುತ್ತಾರೆ, ತಳಕ್ಕೆ ಬಡಿದು ಬಂದ ಪ್ರತಿಧ್ವನಿಯ ಸಮಯ ನೋಡುತ್ತಾರೆ. ಸಮುದ್ರದ ನೀರಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಹತ್ತು ಮೀಟರ್ ಆಳಕ್ಕೆ ಹೋಗಿ ಬರಲು ಸೆಕೆಂಡಿನ 75ನೇ ಒಂದು ಪಾಲು ಸಾಕು.

ಆಳ ಸಮುದ್ರದಲ್ಲಿ ಇದು ಸಲೀಸು. ತಮಾಷೆ ಅಂದ್ರೆ, ಕಷ್ಟ ಇರೋದು ಮೊಣಕಾಲುದ್ದದ ನೀರಲ್ಲಿ! ಹಲವು ಕಿರಣ ಬಿಡುವ ಮಲ್ಟಿಬೀಮ್ ಯಂತ್ರ ಒಂದು ಸಲಕ್ಕೆ ಆಳದ ಮೂರ್ನಾಲ್ಕು ಪಟ್ಟು ಅಗಲ ನೋಡುತ್ತೆ. ಆಳ 50 ಮೀಟರ್ ಇದ್ದರೆ 150 ಮೀಟರ್ ಪಟ್ಟಿ ಸಿಕ್ಕೀತು, ಮೂರು ಮೀಟರ್ ಇದ್ದರೆ ಬರೀ ಹತ್ತು. ಅಲೆ ಒಡೆಯುವ ಜಾಗದಲ್ಲಿ ನೀರ ತುಂಬಾ ಗಾಳಿಗುಳ್ಳೆ, ಶಬ್ದ ಅಲ್ಲೇ ಚದುರುತ್ತೆ. ದೋಣಿ ಮಗುಚುವ ಭಯ ಬೇರೆ. ವಿಮಾನದಿಂದ ಹಸಿರು ಲೇಸರ್ ಬಿಟ್ಟು ಅಳೆಯೋ ವಿಧಾನವೂ ಇದೆ, ಆದ್ರೆ ನಮ್ಮ ಮಳೆಗಾಲದ ಕೆಂಪು ನೀರಲ್ಲಿ ಬೆಳಕು ತಳ ಮುಟ್ಟೋದಿಲ್ಲ.

ಹಾಗಾಗಿ ಒಂದು ಉಪಾಯ. ಉಬ್ಬರದಲ್ಲಿ ದೋಣಿಯನ್ನ ಆದಷ್ಟು ದಡದ ಹತ್ತಿರ ತರುತ್ತಾರೆ. ಇಳಿತದಲ್ಲಿ ಮನುಷ್ಯನೇ ಜಿಪಿಎಸ್ ಕೋಲು ಹಿಡಿದು ಎದೆಮಟ್ಟದ ನೀರಿಗೆ ನಡೆಯುತ್ತಾನೆ. ಎರಡೂ ಅಳತೆ ಒಂದರ ಮೇಲೊಂದು ಕೂರಬೇಕು. ಉಬ್ಬರ ಇಳಿತದ ಲೆಕ್ಕ ತಪ್ಪಿತೋ, ಇಲ್ಲದ ಮರಳು ಕಾಗದದ ಮೇಲೆ ಎದ್ದು ನಿಲ್ಲುತ್ತೆ.

ಒಂದು ಸಲ ಅಳೆದರೂ ಸಾಲದು. ಮಳೆಗಾಲಕ್ಕೆ ಮುಂಚೆ, ಮುಗಿದ ಮೇಲೆ, ಅದೇ ಗೆರೆಯಲ್ಲಿ, ವರ್ಷ ವರ್ಷ. 1990ರಿಂದ 2018ರವರೆಗಿನ ಉಪಗ್ರಹ ಚಿತ್ರ ನೋಡಿ ದೇಶದ ಕರಾವಳಿಯ ಸುಮಾರು ಮೂರನೇ ಒಂದು ಭಾಗ ಕೊರೆತಕ್ಕೆ ಸಿಕ್ಕಿದೆ ಎಂದರು. ಆದರೆ ಆ ಚಿತ್ರ ಹೇಳೋದು ದಡದ ಗೆರೆಯ ಕತೆ.

ಗೋಡೆಗೆ ಅಪ್ಪಳಿಸಿದ ಅಲೆ ಅದರ ಬುಡದ ಮರಳನ್ನೇ ತೋಡುತ್ತೆ, ಕಲ್ಲು ಕುಸಿಯುತ್ತೆ. ಮೇಲಿಂದ ನೋಡಿದರೆ ಗೋಡೆ ಗಟ್ಟಿಯಾಗೇ ಕಾಣುತ್ತೆ, ಬೀಳೋ ದಿನದವರೆಗೆ. ಹೋದ ಸಲ ಲೈವ್‌ನಲ್ಲಿ ಅಧಿಕಾರಿಯೊಬ್ಬರನ್ನ ಕೇಳಿದೆ, "ಸಾರ್, ಇಲ್ಲಿ ನೀರಿನಡಿಯ ನೆಲ ಕೊನೆಗೆ ಅಳೆದಿದ್ದು ಯಾವಾಗ?" ಅವರು ಲಾರಿ ಲೆಕ್ಕ ಕೊಟ್ಟರು. ಈ ಜೂನ್‌ನಲ್ಲೂ ಅದನ್ನೇ ಕೇಳುತ್ತೇನೆ.