ಕೊಲೆಸ್ಟರಾಲ್: ಗದರಿಕೆ ಬೇಡ, ಅರಿವಿನ ಮಾತು ಬೇಕು

‘ನಾವು ಶಾಕಾಹಾರಿಗಳು, ನಮಗೆಲ್ಲಿಯ ಕೊಲೆಸ್ಟರಾಲ್?’ ಎಂಬ ನಂಬಿಕೆ ನಮ್ಮಲ್ಲಿ ಅನೇಕರಿಗಿದೆ. ಆದರೆ ದೇಹದ ಬಹುಪಾಲು ಕೊಲೆಸ್ಟರಾಲನ್ನು ದೇಹವೇ, ಮುಖ್ಯವಾಗಿ ಯಕೃತ್ತು, ತಯಾರಿಸುತ್ತದೆ. ಬೆಣ್ಣೆ, ತುಪ್ಪ, ವನಸ್ಪತಿಗಳ ಅತಿಬಳಕೆ, ಶ್ರಮವಿಲ್ಲದ ಬದುಕು, ವಂಶಗುಣ ಇವು ಅದನ್ನು ಏರಿಸುತ್ತವೆ. ಒಂದು ಡೆಸಿಲೀಟರ್ ರಕ್ತದಲ್ಲಿ ಒಟ್ಟು ಕೊಲೆಸ್ಟರಾಲ್ 200 ಮಿಲಿಗ್ರಾಮಿಗಿಂತ ಕಡಿಮೆಯಿರುವುದು ಒಳಿತು. ಏರಿದರೆ ನೋವಿಲ್ಲ, ಜ್ವರವಿಲ್ಲ. ರಕ್ತನಾಳಗಳಲ್ಲಿ ಸದ್ದಿಲ್ಲದೆ ಶೇಖರವಾಗಿ, ಒಂದು ದಿನ ಹೃದಯಾಘಾತವನ್ನೋ ಪಾರ್ಶ್ವವಾಯುವನ್ನೋ ತಂದೊಡ್ಡುತ್ತದೆ.

ನೋವಿಲ್ಲದ ಕಾರಣ ಪಥ್ಯವೂ ಮಾತ್ರೆಯೂ ಬೇಗನೆ ನಿಂತುಹೋಗುತ್ತವೆ. ಆಗ ಮನೆಯವರು ಗದರುತ್ತಾರೆ. ಗದರಿದಷ್ಟೂ ರೋಗಿ ಹಠ ಹಿಡಿಯುತ್ತಾರೆ. ಇದನ್ನು ಕಂಡೇ ಅಮೆರಿಕದ ಮನೋವಿಜ್ಞಾನಿ ವಿಲಿಯಂ ಮಿಲ್ಲರ್ 1983ರಲ್ಲಿ, ಮದ್ಯವ್ಯಸನಿಗಳ ಚಿಕಿತ್ಸೆಯ ಅನುಭವದಿಂದ, ಪ್ರೇರಣಾತ್ಮಕ ಸಮಾಲೋಚನೆಯ ವಿಧಾನವನ್ನು ವಿವರಿಸಿದರು. ಬದಲಾವಣೆಯ ಕಾರಣವನ್ನು ನಾವು ಹೇರಬಾರದು, ಅದು ಅವರ ಬಾಯಿಂದಲೇ ಬರಬೇಕು ಎಂಬುದು ಇದರ ತಿರುಳು.

ಸೊರಬದ ಕಡೆಯ ಒಂದು ರೈತಕುಟುಂಬವನ್ನು ಊಹಿಸಿಕೊಳ್ಳೋಣ. ಮಗ ಕೇಳುತ್ತಾನೆ: ‘ಅಪ್ಪಾಜಿ, ಕರಿದ ತಿಂಡಿ ಕಡಿಮೆ ಮಾಡುವ ಮನಸ್ಸು ಹತ್ತರಲ್ಲಿ ಎಷ್ಟಿದೆ?’

‘ನಾಲ್ಕು ಅನ್ನು.’

‘ಒಂದು ಅನ್ನದೆ ನಾಲ್ಕು ಅಂದಿರಲ್ಲ, ಏಕೆ?’

‘ಮೊಮ್ಮಗಳ ಮದುವೆ ನೋಡಬೇಕಲ್ಲಪ್ಪ.’

‘ಹತ್ತೇಕಲ್ಲ?’ ಎಂದಿದ್ದರೆ ನೆಪಗಳು ಬರುತ್ತಿದ್ದವು, ‘ಒಂದೇಕಲ್ಲ?’ ಎಂದುದರಿಂದ ಕಾರಣ ಬಂದಿತು. ಇನ್ನು ‘ಮೊದಲು ಯಾವುದನ್ನು ಮಾಡೋಣ?’ ಎಂದು ಕೇಳಿ, ಆಯ್ಕೆಯನ್ನು ಅವರಿಗೇ ಬಿಡಬೇಕು. ತಪ್ಪಿದ ದಿನ ಹಂಗಿಸದೆ, ನಡೆದ ದಿನವನ್ನು ಮೆಚ್ಚಬೇಕು.

ಆಯ್ಕೆಗಳು ಹಲವಿವೆ: ವಾರದಲ್ಲಿ ಐದು ದಿನ ಅರ್ಧಗಂಟೆಯ ಬಿರುಸು ನಡಿಗೆ, ಊಟದಲ್ಲಿ ಹುರುಳಿ, ಸೊಪ್ಪು, ರಾಗಿ, ಎಲೆಯಡಿಕೆಯೊಡನೆ ಹೊಗೆಸೊಪ್ಪನ್ನು ಬಿಡುವುದು. ಪ್ರಸಾದ ಬಡಿಸುವಾಗ ‘ಸಾಕು’ ಎನ್ನುವುದು ಅಗೌರವವಲ್ಲ. ಬೇಕಾದಷ್ಟನ್ನೇ ನೀಡಿಸಿಕೊಂಡು ಎಲೆಯಲ್ಲಿ ಉಳಿಸದಿರುವುದೇ ಗೌರವ. ವೈದ್ಯರು ಕೊಟ್ಟ ಮಾತ್ರೆಯನ್ನು ಮಾತ್ರ, ವರದಿ ಚೆನ್ನಾಗಿ ಬಂದಿತೆಂದು ನಾವಾಗಿಯೇ ನಿಲ್ಲಿಸಬಾರದು. ಮಾತ್ರೆಯಿಂದ ಮೈಕೈ ನೋವು ಕಾಣಿಸಿದರೆ ಅವರಿಗೇ ತಿಳಿಸೋಣ.

ಉಡುತಡಿಯಲ್ಲಿ ಹುಟ್ಟಿದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಕಲ್ಯಾಣದಲ್ಲಿ ಪ್ರಶ್ನೆಗಳ ಮೂಲಕವೇ ಎದುರುಗೊಂಡರೆಂದು ಶೂನ್ಯಸಂಪಾದನೆ ಹೇಳುತ್ತದೆ. ಅಕ್ಕ ಕೊಟ್ಟ ಉತ್ತರಗಳು ಅಕ್ಕನವೇ ಆಗಿದ್ದವು. ಸರಿಯಾಗಿ ಕೇಳಿ, ತಾಳ್ಮೆಯಿಂದ ಆಲಿಸುವ ಆ ಪದ್ಧತಿ ನಮ್ಮ ಮನೆಯ ಊಟದ ಪಂಕ್ತಿಗೂ ಬರಲಿ. ಇಂದು ರಾತ್ರಿಯೇ ಮನೆಯ ಹಿರಿಯರನ್ನು ಒಂದು ಪ್ರಶ್ನೆ ಕೇಳೋಣ, ಉತ್ತರಕ್ಕಾಗಿ ಕಾಯೋಣ.