ಕಹಿ ಮದ್ದಿನ ನಂಟು

‘ಜಿನ್ ಅಂಡ್ ಟಾನಿಕ್’ ಹೆಸರಿನಲ್ಲೇ ಔಷಧದ ವಾಸನೆಯಿದೆ. ಅದರ ಹಿಂದಿರುವುದು ಮಲೇರಿಯಾದ ಭಯ. ಶ್ರೀರಂಗಪಟ್ಟಣದ ಜ್ವರಕ್ಕೆ ಅಂಜಿ ಬ್ರಿಟಿಷರು 1809ರಲ್ಲಿ ತಮ್ಮ ದಂಡನ್ನೇ ಬೆಂಗಳೂರಿಗೆ ಸಾಗಿಸಿದ್ದರು. ಸಿಂಕೋನಾ ತೊಗಟೆಯಿಂದ ಕ್ವಿನೈನ್ ಬೇರ್ಪಟ್ಟದ್ದು 1820ರಲ್ಲಿ, ಫ್ರಾನ್ಸಿನಲ್ಲಿ. ಲಂಡನ್ನಿನ ಎರಾಸ್ಮಸ್ ಬಾಂಡ್ ಟಾನಿಕ್ ನೀರಿಗೆ ಪೇಟೆಂಟ್ ಪಡೆದದ್ದು 1858ರಲ್ಲಿ.

ಕಹಿ ಮದ್ದು ನುಂಗಲಾರದೆ ಸೈನಿಕರು ಅದಕ್ಕೆ ಜಿನ್ ಬೆರೆಸಿಕೊಂಡರು ಎಂಬ ಕತೆ ಜನಪ್ರಿಯ. ಆದರೆ 1868ರ ಹಳೆಯ ಉಲ್ಲೇಖವೊಂದರಲ್ಲಿ ಈ ಪಾನೀಯ ಕಾಣಿಸುವುದು ಆಸ್ಪತ್ರೆಯಲ್ಲಲ್ಲ, ಭಾರತದ ಕುದುರೆ ಪಂದ್ಯದ ಅಂಗಳದಲ್ಲಿ!

ಮನೆಯಲ್ಲಿ ಬೆರೆಸುವ ಕ್ರಮ ಸರಳ. ಉದ್ದ ಲೋಟದ ತುಂಬ ಐಸ್, ಒಂದು ಪಾಲು ಜಿನ್, ಎರಡರಿಂದ ಮೂರು ಪಾಲು ತಣ್ಣಗಿನ ಟಾನಿಕ್, ಒಂದು ಹೋಳು ನಿಂಬೆ. ಟಾನಿಕ್ಕನ್ನು ನಿಧಾನವಾಗಿ ಸುರಿದು ಒಮ್ಮೆ ಮಾತ್ರ ಕದಡಬೇಕು. ಹೆಚ್ಚು ಕದಡಿದರೆ ಗ್ಯಾಸ್ ಹಾರಿಹೋಗಿ ಸಪ್ಪೆಯಾಗುತ್ತದೆ. ಜಿನ್ನಿನ ಜುನಿಪರ್ ಪರಿಮಳಕ್ಕೆ ಕ್ವಿನೈನಿನ ಕಹಿ ಚೆನ್ನಾಗಿ ಹೊಂದುತ್ತದೆ.

ಹಾಗೆಂದು ಇದನ್ನು ಮದ್ದೆಂದು ನಂಬುವಂತಿಲ್ಲ. ಅಮೆರಿಕದ ನಿಯಮದಂತೆ ಲೀಟರ್ ಟಾನಿಕ್ಕಿನಲ್ಲಿ ಇರಬಹುದಾದ ಕ್ವಿನೈನ್ ಸುಮಾರು 83 ಮಿಲಿಗ್ರಾಂ ಮಾತ್ರ. ವಯಸ್ಕ ರೋಗಿಗೆ ವೈದ್ಯರು ಕೊಡುತ್ತಿದ್ದ ದಿನದ ಪ್ರಮಾಣ ಸುಮಾರು 1,800 ಮಿಲಿಗ್ರಾಂ. ಅಷ್ಟಕ್ಕೆ 20 ಲೀಟರಿಗೂ ಹೆಚ್ಚು ಟಾನಿಕ್ ಬೇಕು! ಚಳಿಜ್ವರ ಬಂದಾಗ ಬೇಕಾದದ್ದು ಲೋಟವಲ್ಲ, ರಕ್ತಪರೀಕ್ಷೆ.